ಇಸಿಜಿ ನಾರ್ಮಲ್, ಆದರೂ ಮೆಟ್ಟಿಲು ಹತ್ತಿದರೆ ದಮ್ಮು: ಪ್ರತಿಕ್ರಿಯೆ

ಇಸಿಜಿ ನಾರ್ಮಲ್ ಬಂದರೂ ದಮ್ಮು ಯಾಕೆ ಅಂತ ಕೇಳಿದ್ದೀರಿ. ನೀವು ಹೇಳಿದಂತೆ 110 ಕೆಜಿ ತೂಕ, ಗೋಲಗುಮ್ಮಟದ ಅರ್ಧ ಮೆಟ್ಟಿಲಿಗೇ ದಮ್ಮು, ಸಂಜೆಗೆ ಪಾದ ಬಾವು ಅಂದರೆ ಮೊದಲ ಅನುಮಾನ ಹೃದಯದ ಮೇಲೇ. ಮೈ ದೊಡ್ಡದಾದಷ್ಟೂ ಹೃದಯ ಜಾಸ್ತಿ ರಕ್ತ ತಳ್ಳಬೇಕು, ಬಿಪಿಯೂ ಏರುತ್ತದೆ. ವರ್ಷಗಟ್ಟಲೆ ಹೀಗಾದರೆ ಹೃದಯದ ಗೋಡೆ ದಪ್ಪವಾಗಿ ಬಿಗಿಯುತ್ತದೆ. ಇಸಿಜಿಯಲ್ಲಿ ಇದು ಕಾಣದೇ ಇರಬಹುದು.

ಹಾಗಾಗಿ ಮೊದಲು ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿಸಿ. ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಕ್ರಿಯಾಟಿನಿನ್ (ಕಿಡ್ನಿ ನೋಡುವ ರಕ್ತ ಪರೀಕ್ಷೆ). ರಕ್ತ ಕಡಿಮೆಯಿದ್ದರೂ ದಮ್ಮು ಬರುತ್ತದೆ, ರಿಪೋರ್ಟ್ ನೋಡದೆ ಹೇಳಲಾಗದು.

ಬಿಪಿ ನೋಡುವಾಗ ತೋಳಿಗೆ ಸುತ್ತುವ ದೊಡ್ಡ ಪಟ್ಟಿ ಕೇಳಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ತೋರಿಸುತ್ತದೆ, ನಮ್ಮಣ್ಣನಿಗೆ ಹೀಗೇ ಆಗಿತ್ತು. ಬಿಪಿಗೆ ಆಮ್ಲೋಡಿಪಿನ್ ಮಾತ್ರೆ ತಗೊಳ್ತೀರಾ? ಬಾವು ಅದರಿಂದಲೂ ಬರುತ್ತದೆ. ಆದರೆ ಸುಮ್ನೆ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಗೊರಕೆ ಜೋರಿದ್ದು, ನಿದ್ದೆಯಲ್ಲಿ ಉಸಿರು ನಿಂತಂತಾಗುತ್ತದೆ ಅಂತ ಮನೆಯವರು ಅಂದರೆ ಅದನ್ನೂ ಹೇಳಿ.

ಜೋಳದ ರೊಟ್ಟಿ ಬಿಡಬೇಕಿಲ್ಲ. ಸಂಜೆಯ ಮಿರ್ಚಿ ಭಜಿ, ಹಪ್ಪಳ, ಉಪ್ಪಿನಕಾಯಿ ಬಿಡಿ (ಕಷ್ಟ, ಗೊತ್ತು). ಐದಾರು ಕೆಜಿ ಇಳಿದರೂ ಬಿಪಿಗೆ ಒಳ್ಳೆಯದು. ಎಕೋ ಆಗುವವರೆಗೆ ಜಿಮ್ ಬೇಡ, ಸಮತಟ್ಟು ದಾರಿಯಲ್ಲಿ ನಿಧಾನ ನಡೆಯಿರಿ.

ಮಲಗಿದಾಗ ಉಸಿರು ಕಟ್ಟಿದರೆ, ಎದೆ ಹಿಡಿದಂತಾದರೆ ಎಕೋಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.