ಲೆಕ್ಕಪತ್ರದ ಕೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಈ ವರ್ಷ ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ತಂದೆಯವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಮಾಡುತ್ತಾರೆ. ಸಿ.ಎ. ಮುಗಿಯುವವರೆಗೆ ಸಂಪಾದನೆಯಿಲ್ಲದೆ ಓದುತ್ತಾ ಕೂರುವ ಸ್ಥಿತಿ ನಮ್ಮ ಮನೆಯಲ್ಲಿಲ್ಲ. ಅಕೌಂಟಿಂಗ್ ಟೆಕ್ನಿಷಿಯನ್ ಕೋರ್ಸ್ ಮಾಡಿದರೆ ಬೇಗ ಕೆಲಸ ಸಿಗುತ್ತದೆಯೇ?
– ವಿದ್ಯಾರ್ಥಿನಿ, ಲಗ್ಗೆರೆ

ಉತ್ತರ: ಸಿಗುತ್ತದೆ, ಆದರೆ ಕೋರ್ಸ್ ಒಂದರಿಂದಲೇ ಅಲ್ಲ. ಬಿಲ್ಲು, ಓಚರುಗಳಿಂದ ಹಿಡಿದು ತಾಳೆಪಟ್ಟಿಯವರೆಗೆ ಲೆಕ್ಕ ಬರೆದು, ತೆರಿಗೆಯ ರಿಟರ್ನ್ಸ್ ಸಿದ್ಧಪಡಿಸಿ, ಆಡಿಟರ ಮುಂದೆ ಅಚ್ಚುಕಟ್ಟಾಗಿ ಇಡಬಲ್ಲವರನ್ನು ಅಕೌಂಟಿಂಗ್ ಟೆಕ್ನಿಷಿಯನ್ ಎನ್ನುತ್ತಾರೆ. ಕಂಪನಿಯ ಲೆಕ್ಕಪರಿಶೋಧನೆಯ ವರದಿಗೆ ಸಹಿ ಹಾಕುವ ಅಧಿಕಾರ ಅವರಿಗಿಲ್ಲ, ಅದು ಸಿ.ಎ.ಗಳಿಗೆ ಸೇರಿದ್ದು. ವೆಚ್ಚ ಲೆಕ್ಕಿಗರ ಸಂಸ್ಥೆಯಾದ ಐಸಿಎಂಎಐ, ಪಿಯುಸಿ ಮುಗಿಸಿದವರಿಗೆ ಸಿ.ಎ.ಟಿ. ಎಂಬ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದೆ. ಮುಂದೆ ಅದೇ ಸಂಸ್ಥೆಯ ಸಿ.ಎಂ.ಎ. ಓದಬೇಕೆನಿಸಿದರೆ ಫೌಂಡೇಶನ್ ಹಂತವನ್ನು ದಾಟಿಕೊಂಡು ಹೋಗಲು ಅದು ನೆರವಾಗುತ್ತದೆ. ಬ್ರಿಟನ್ನಿನ ಎ.ಎ.ಟಿ. ಎಂಬ ಅರ್ಹತೆಯೂ ಇದೇ ಹೆಸರಿನಿಂದ ಪರಿಚಿತವಾಗಿದೆ. ಇಲ್ಲಿನ ಜಿಎಸ್‌ಟಿ, ಟಿಡಿಎಸ್ (ಹಣ ಕೊಡುವಾಗಲೇ ಹಿಡಿದಿಟ್ಟು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕಲಿಯಬೇಕಾದ ನಿಮಗೆ ಈಗ ಅದು ಬೇಡ.

ನನ್ನ ಸಲಹೆಯೆಂದರೆ, ಸಂಜೆ ಕಾಲೇಜಿನಲ್ಲಿ ಬಿ.ಕಾಂ.ಗೆ ಸೇರಿಕೊಳ್ಳಿ, ಹಗಲು ಒಂದು ಆಡಿಟರ್ ಆಫೀಸಿನಲ್ಲಿ ಸಹಾಯಕಿಯಾಗಿ ಕೆಲಸಕ್ಕೆ ಸೇರಿ. ರಾಜಾಜಿನಗರ, ಮಲ್ಲೇಶ್ವರದ ಕಡೆ ಇಂಥ ಸಣ್ಣ ಆಫೀಸುಗಳು ಇವೆ, ನಿಮ್ಮ ಮನೆಗೂ ದೂರವಲ್ಲ. ಆರಂಭದ ಸಂಬಳ ಕಡಿಮೆಯೇ ಇರುತ್ತದೆ, ಅದನ್ನು ಮುಚ್ಚಿಟ್ಟು ನಿಮ್ಮಲ್ಲಿ ಆಸೆ ಹುಟ್ಟಿಸಲಾರೆ. ಆದರೆ ಒಂದು ಕಂಪನಿಯಲ್ಲಿ ಒಂದೇ ಬಗೆಯ ವ್ಯವಹಾರ ನೋಡುವ ಬದಲು, ಅಲ್ಲಿ ಹಾರ್ಡ್‌ವೇರ್ ಅಂಗಡಿ, ಹೋಟೆಲು, ಕಾರ್ಖಾನೆ, ಡಾಕ್ಟರ ಕ್ಲಿನಿಕ್ಕು ಎಲ್ಲದರ ಲೆಕ್ಕವೂ ಒಂದೇ ಮೇಜಿನ ಮೇಲೆ ಬರುತ್ತದೆ.

ಆ ಮೇಜಿನ ಮೇಲೆ ನೀವು ಮೊದಲು ಕಲಿಯಬೇಕಾದದ್ದು ತಿಂಗಳ ನಡೆ. ತಿಂಗಳಿಗೊಮ್ಮೆ ರಿಟರ್ನ್ಸ್ ಸಲ್ಲಿಸುವ ವ್ಯಾಪಾರಿಯಾದರೆ 7ನೇ ತಾರೀಕಿನೊಳಗೆ ಹಿಂದಿನ ತಿಂಗಳ ಟಿಡಿಎಸ್ ಕಟ್ಟಬೇಕು, 11ಕ್ಕೆ ಮಾರಾಟದ ವಿವರವಾದ ಜಿಎಸ್‌ಟಿಆರ್-1, 14ಕ್ಕೆ ಜಿಎಸ್‌ಟಿ ಪೋರ್ಟಲಿನಲ್ಲಿ ಖರೀದಿಯ ತೆರಿಗೆ ತೋರಿಸುವ 2ಬಿ ಸಿದ್ಧವಾಗುತ್ತದೆ, 15ಕ್ಕೆ ಪಿ.ಎಫ್. ಮತ್ತು ಇಎಸ್‌ಐ, 20ಕ್ಕೆ ತಿಂಗಳ ಜಿಎಸ್‌ಟಿ ಲೆಕ್ಕ ಹಾಕಿ ಕಟ್ಟುವ ರಿಟರ್ನ್ಸ್ ಆದ 3ಬಿ. ಕೆಲಸದ ಒತ್ತಡವೆಲ್ಲ ಈ ತಾರೀಕುಗಳ ಸುತ್ತಲೇ ಇರುತ್ತದೆ. ಹನ್ನೆರಡು ತಿಂಗಳು ಈ ಸುತ್ತನ್ನು ಪೂರ್ತಿಯಾಗಿ ಕಂಡ ಮೇಲೆ, ಸಂದರ್ಶನದಲ್ಲಿ ಯಾರು ಏನು ಕೇಳಿದರೂ ನೀವು ಪುಸ್ತಕದಿಂದಲ್ಲ, ಕೈಯಾರೆ ಮಾಡಿದ ಕೆಲಸದಿಂದ ಉತ್ತರ ಹೇಳುತ್ತೀರಿ.

ಇನ್ನೊಂದು ಅಭ್ಯಾಸವನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ. ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯಲ್ಲಿರುವ ಬ್ಯಾಂಕ್ ಬಾಕಿಗೂ ಬ್ಯಾಂಕಿನ ಸ್ಟೇಟ್‌ಮೆಂಟಿಗೂ 118 ರೂಪಾಯಿ ವ್ಯತ್ಯಾಸ ಬಂದಿದೆ ಎಂದುಕೊಳ್ಳಿ. ಸಣ್ಣ ಮೊತ್ತವೆಂದು ಬಿಡಬೇಡಿ: 100 ರೂಪಾಯಿ ಬ್ಯಾಂಕ್ ಶುಲ್ಕ, ಅದರ ಮೇಲೆ ಶೇ 18ರಂತೆ 18 ರೂಪಾಯಿ ಜಿಎಸ್‌ಟಿ, ಒಟ್ಟು 118. ಆ ಶುಲ್ಕವನ್ನು ಯಾರೂ ಬರೆದಿಲ್ಲ, ಅಷ್ಟೇ. ವ್ಯತ್ಯಾಸ 180 ಇದ್ದು ಅದು 9ರಿಂದ ನಿಶ್ಶೇಷವಾಗಿ ಭಾಗವಾದರೆ, 5,640 ಎಂದು ಬರೆಯುವಲ್ಲಿ 5,460 ಎಂದು ಅಂಕಿಗಳು ಅದಲುಬದಲಾಗಿರಬಹುದೇ ಎಂದು ಹುಡುಕಿ. ಹೀಗೆ ತಾಳೆ ನೋಡುತ್ತಾ ಕೂರುವ ತಾಳ್ಮೆ ಯಾರಿಗಿದೆಯೋ ಅವರನ್ನು ಆಫೀಸುಗಳು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಸಿ.ಎ. ಬಾಗಿಲು ಮುಚ್ಚಿತೆಂದು ಈಗಲೇ ಬೇಸರಪಡಬೇಡಿ. ಬಿ.ಕಾಂ.ನಲ್ಲಿ ಶೇ 55 ಅಂಕ ಪಡೆದವರು ಫೌಂಡೇಶನ್ ಪರೀಕ್ಷೆಯಿಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಿಕೊಳ್ಳಬಹುದು.

ಪ್ರಶ್ನೆ: ಬಿ.ಕಾಂ. ಆಗಿದೆ. ಎರಡು ವರ್ಷದಿಂದ ಚಿಕ್ಕಪೇಟೆಯ ಸಗಟು ಬಟ್ಟೆ ಅಂಗಡಿಯಲ್ಲಿ ಬಿಲ್ಲುಗಳನ್ನು ಟ್ಯಾಲಿಗೆ ಏರಿಸುವ ಕೆಲಸ ಮಾತ್ರ ಮಾಡುತ್ತಿದ್ದೇನೆ. ಇಲ್ಲಿಂದ ಮುಂದೆ ಹೋಗುವುದು ಹೇಗೆ?
– ಓದುಗರು, ಕಾಟನ್‌ಪೇಟೆ

ಉತ್ತರ: ಅಂಗಡಿ ಬಿಡುವ ಮೊದಲು, ಅಲ್ಲಿಯೇ ಯಾರೂ ಮಾಡದೆ ಉಳಿದಿರುವ ಕೆಲಸ ಯಾವುದೆಂದು ನೋಡಿ. ಸಗಟು ವ್ಯಾಪಾರದಲ್ಲಿ ಅದು ಸಾಮಾನ್ಯವಾಗಿ 2ಬಿ ತಾಳೆ. ಸರಕು ಕೊಟ್ಟವನು ತನ್ನ ಜಿಎಸ್‌ಟಿಆರ್-1ರಲ್ಲಿ ಬಿಲ್ಲು ತೋರಿಸದಿದ್ದರೆ ಖರೀದಿಗೆ ಕೊಟ್ಟ ಆ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಜಮೆ ನಿಮ್ಮ ಮಾಲೀಕರಿಗೆ ಸಿಗುವುದಿಲ್ಲ. ಖರೀದಿ ಪುಸ್ತಕವನ್ನೂ 2ಬಿಯನ್ನೂ ಎಕ್ಸೆಲ್‌ನಲ್ಲಿ ಪಕ್ಕಪಕ್ಕ ಇಟ್ಟು, ಬಾರದ ಬಿಲ್ಲುಗಳ ಪಟ್ಟಿ ಮಾಡಿ, ಸರಬರಾಜುದಾರರಿಗೆ ಫೋನ್ ಮಾಡಿ ಸರಿಪಡಿಸಿಸಿ. ಹೀಗೆ ಮಾಲೀಕರಿಗೆ ಉಳಿಸಿಕೊಟ್ಟ ಹಣ ಎಷ್ಟೆಂದು ಬರೆದಿಟ್ಟುಕೊಂಡರೆ ಸಂಬಳದ ಮಾತಿಗೆ ಅದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ. ಬಾಕಿ ಪಾವತಿಗಳ ಪಟ್ಟಿಯನ್ನೂ ಹೀಗೆಯೇ ನೋಡಿಕೊಳ್ಳಿ. ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು; ಗಡುವು ದಾಟಿ, ವರ್ಷ ಮುಗಿದರೂ ಕೊಡದೆ ಉಳಿದ ಮೊತ್ತವನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸಲಾಗುವುದಿಲ್ಲ. ಇದನ್ನು ಮಾರ್ಚ್‌ಗೆ ಮುಂಚೆ ಮಾಲೀಕರಿಗೆ ತಿಳಿಸುವ ಲೆಕ್ಕಿಗ ಬರೀ ಬಿಲ್ಲು ಏರಿಸುವವನಾಗಿ ಉಳಿಯುವುದಿಲ್ಲ.

ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿ, 1986ರಲ್ಲಿ ಆರಂಭವಾದದ್ದು. ಇಲ್ಲಿ ಅದು ಬಾರದ ಲೆಕ್ಕಿಗರು ಅಪರೂಪ. ಆದ್ದರಿಂದ ಟ್ಯಾಲಿ ಬರುತ್ತದೆ ಎಂಬುದಷ್ಟೇ ನಿಮ್ಮನ್ನು ಬೇರೆಯಾಗಿ ತೋರಿಸುವುದಿಲ್ಲ. ಕಂಪನಿಗಳ ತಂತ್ರಾಂಶದಲ್ಲಿ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕೆಂಬ ನಿಯಮವಿದೆ. ತಪ್ಪಾದ ನಮೂದನ್ನು ಅಳಿಸಿಬಿಡದೆ, ಕಾರಣ ಬರೆದು ಎದುರು ನಮೂದಿನಿಂದ ಸರಿಪಡಿಸುವುದನ್ನು ಈಗಲೇ ಕಲಿತರೆ ನಾಳೆ ಕಂಪನಿಗೆ ಸೇರಿದಾಗ ಕಷ್ಟವಾಗದು. ಬಿ.ಕಾಂ. ಆಗಿರುವುದರಿಂದ ವ್ಯಾಪಾರಿಗಳ ಪರವಾಗಿ ರಿಟರ್ನ್ಸ್ ಸಲ್ಲಿಸುವ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಂಡು, ಸರ್ಕಾರಿ ತರಬೇತಿ ಸಂಸ್ಥೆಯಾದ ನಾಸಿನ್ ನಡೆಸುವ ಪರೀಕ್ಷೆ ಬರೆಯುವ ದಾರಿಯೂ ನಿಮಗಿದೆ.

ಪ್ರಶ್ನೆ: ನಾನು ಕೆಲಸ ಮಾಡುವಲ್ಲಿ ಸರಕು ಬಾರದಿದ್ದರೂ ಖರೀದಿ ಬಿಲ್ಲು ಏರಿಸಲು ಹೇಳುತ್ತಾರೆ. ನಾನು ಬರೀ ನೌಕರ. ನನಗೂ ತೊಂದರೆಯಾದೀತೇ?
– ಹೆಸರು ಬೇಡ

ಉತ್ತರ: ಆಗುತ್ತದೆ. ಇಂಥ ಕೃತ್ಯಕ್ಕೆ ನೆರವಾದವರಿಗೂ ಜಿಎಸ್‌ಟಿ ಕಾಯ್ದೆಯಲ್ಲಿ 25,000 ರೂಪಾಯಿವರೆಗೆ ದಂಡವಿದೆ, ಮೊತ್ತ ದೊಡ್ಡದಾದರೆ ಕ್ರಿಮಿನಲ್ ಪ್ರಕರಣವೂ ಆಗಬಹುದು. ದಯವಿಟ್ಟು ಆ ನಮೂದು ಮಾಡಬೇಡಿ. ನೇರವಾಗಿ ‘ಆಗುವುದಿಲ್ಲ’ ಎನ್ನಲು ಅಂಜಿಕೆಯಾದರೆ, ಲಾರಿ ರಸೀದಿಯನ್ನೂ, ಸರಕಿನ ಮೌಲ್ಯ 50,000 ರೂಪಾಯಿ ದಾಟಿದ್ದರೆ ಸರಕು ಸಾಗಣೆಗೆ ಆನ್‌ಲೈನಿನಲ್ಲಿ ಪಡೆಯುವ ಇ-ವೇ ಬಿಲ್ಲನ್ನೂ ಕೇಳಿ, ಅವು ಬಂದ ಮೇಲೆ ಏರಿಸುತ್ತೇನೆಂದು ವಾಟ್ಸ್ಆ್ಯಪ್‌ನಲ್ಲೋ ಇಮೇಲಿನಲ್ಲೋ ಬರೆದು ತಿಳಿಸಿ, ಆ ಬರಹವನ್ನು ಉಳಿಸಿಕೊಳ್ಳಿ. ನಿಮ್ಮ ಲಾಗಿನ್ ಮತ್ತು ಪಾಸ್‌ವರ್ಡನ್ನು ಬೇರೆಯವರಿಗೆ ಕೊಡಬೇಡಿ. ಜೊತೆಗೆ ಬೇರೆ ಕೆಲಸವನ್ನು ಈ ವಾರದಿಂದಲೇ ಹುಡುಕಲು ಆರಂಭಿಸಿ.