ರಾಜ ಸರಿ, ರಾಗಿ ಲೆಕ್ಕ ಯಾರದು?

ಮಧುಗಿರಿಯ ಪದವಿ ವಿದ್ಯಾರ್ಥಿಯೊಬ್ಬರು ಉದ್ದದ ಕಾಗದ ಬರೆದಿದ್ದಾರೆ. ಕಾದಂಬರಿ ಬರೆಯುತ್ತಿದ್ದಾರಂತೆ. ಕಲ್ಪನೆಯ ರಾಜ್ಯ, ಪಟ್ಟಕ್ಕಾಗಿ ಮೂವರು ಅಣ್ಣತಮ್ಮಂದಿರ ಜಗಳ, ವಿಷ ಹಾಕುವ ಮಂತ್ರಿ, ತಪ್ಪಿಸಿಕೊಂಡು ಹೋದ ರಾಜಕುಮಾರಿ, ಮಂತ್ರದ ಕತ್ತಿ. ವರ್ಷವಿಡೀ ಹಿಮ ಬೀಳುವ ನಾಡು. ಅವರು ಕೇಳಿರುವುದು ಎರಡು ಮಾತು. "ಇಂಥ ಕಥೆಯನ್ನು ಕನ್ನಡದವರು ಮಕ್ಕಳಾಟ ಅಂತ ಯಾಕೆ ತಳ್ಳುತ್ತಾರೆ? ಹಿಮ ಬಿಟ್ಟು ನಮ್ಮ ಕಡೆಯ ಹಾಗೆ ಬರೆಯೋಣ ಅಂದರೆ, ಈ ಬರಗಾಲದ ಬಯಲಿನಲ್ಲಿ ಅರಮನೆ ಪಿತೂರಿಗೆ ಸರಕು ಎಲ್ಲಿದೆ ಸಾರ್?"

ಮೊದಲನೆಯದಕ್ಕೆ ಜಾಸ್ತಿ ಹೇಳುವುದಿಲ್ಲ. ಮಹಾಭಾರತವೂ ಪಟ್ಟದ ಜಗಳವೇ. ಅದನ್ನು ಯಾರೂ ಮಕ್ಕಳಾಟ ಅನ್ನಲಿಲ್ಲ. ನಿಮ್ಮ ಕತ್ತಿ, ಹಿಮ ಎಲ್ಲವೂ ಇರಲಿ, ನನ್ನದೇನೂ ತಕರಾರಿಲ್ಲ.

ಎರಡನೆಯ ಮಾತು ಓದಿ ಮಾತ್ರ ಸಿಟ್ಟು ಬಂತು ಕಣ್ರೀ. ನಿಮ್ಮೂರಲ್ಲಿ ಎಲ್ಲಿ ನಿಂತರೂ ಆ ಏಕಶಿಲಾ ಬೆಟ್ಟ ಕಾಣುತ್ತೆ, ಅಲ್ವಾ? ಅಲ್ಲಿ ಕೋಟೆ ಹುಟ್ಟಿದ ಕಥೆ ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತೆ, ಕೇಳಿ. ಪಾಳೆಗಾರ ಹಿರೇಗೌಡನ ಕುರಿಯೊಂದು ತಪ್ಪಿಸಿಕೊಂಡು ಬೆಟ್ಟ ಹತ್ತಿತಂತೆ. ವಾಪಸ್ ಬಂದಾಗ ಮೈಯೆಲ್ಲಾ ಒದ್ದೆ. ಬೋಳು ಬಂಡೆಯ ಮೇಲೆ ನೀರು ಎಲ್ಲಿಂದ ಬಂತು ಅಂತ ಹತ್ತಿ ನೋಡಿದರೆ ಬುಗ್ಗೆ. ಆಮೇಲೆ ಕೋಟೆ ಕಟ್ಟಿದರು. ನೀರು ಮೊದಲು, ಗೋಡೆ ಆಮೇಲೆ. 1678ರಲ್ಲಿ ಮೈಸೂರಿನ ಚಿಕ್ಕದೇವರಾಜರ ಸೈನ್ಯ ಆ ಕೋಟೆ ಹಿಡಿಯಿತು. ನಿಮ್ಮ ಹಿಮದ ಕೋಟೆಯಲ್ಲಿ ನೀರಿನ ಚಿಂತೆಯೇ ಇಲ್ಲ. ಹಾಗಾಗಿ ಅಲ್ಲಿ ಅರ್ಧ ಪಿತೂರಿಗೆ ಜಾಗವೂ ಇಲ್ಲ.

ಸ್ವಲ್ಪ ಪೂರ್ವಕ್ಕೆ ಬನ್ನಿ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಒಬ್ಬ ಹುಡುಗ. ಅಪ್ಪ ಯುದ್ಧದಲ್ಲಿ ಸತ್ತ. ಅಪ್ಪನ ಬಾಕಿ ವಸೂಲಿಗೆ ಈ ಹುಡುಗನನ್ನೂ ಅಣ್ಣನನ್ನೂ ನಗಾರಿಯೊಳಗೆ ಕೂರಿಸಿ ಮೇಲೆ ಬಾರಿಸಿದರು ಅಂತ ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಅವನೇ ಮುಂದೆ ಹೈದರಾಲಿ. 1760ರಲ್ಲಿ ಅವನ ಕೈಕೆಳಗೇ ಬೆಳೆದ ಖಂಡೇರಾಯ ರಾಣಿವಾಸದ ಜೊತೆ ಸೇರಿ ತಿರುಗಿಬಿದ್ದ. ಹೈದರ್ ಹೆಂಡತಿ ಮಕ್ಕಳನ್ನು ಶ್ರೀರಂಗಪಟ್ಟಣದಲ್ಲೇ ಬಿಟ್ಟು ರಾತ್ರೋರಾತ್ರಿ ಹೊಳೆ ದಾಟಿ ಬೆಂಗಳೂರಿನ ಕಡೆ ಓಡಿದ. ಮುಂದೆ ಖಂಡೇರಾಯನ ಸೈನ್ಯ ಎದುರಾದಾಗ ಹೈದರನ ಹತ್ತಿರ ಸಾಕಷ್ಟು ಜನ ಇರಲಿಲ್ಲ. ಏನು ಮಾಡಿದ ಗೊತ್ತಾ? ಖಂಡೇರಾಯನ ಸರದಾರರ ಹೆಸರಿಗೆ ಕಾಗದ ಬರೆಸಿದ. "ನಿಮ್ಮ ಯಜಮಾನನನ್ನು ಹಿಡಿದುಕೊಡಲು ಒಪ್ಪಿದ್ದೀರಲ್ಲ, ಮಾತು ಉಳಿಸಿಕೊಳ್ಳಿ" ಅನ್ನುವ ಧಾಟಿಯಲ್ಲಿ. ಆ ಕಾಗದಗಳು ಬೇಕಂತಲೇ ಖಂಡೇರಾಯನ ಕೈಗೆ ಸಿಗುವ ಹಾಗೆ ನೋಡಿಕೊಂಡ. ಓದಿದವನೇ ಖಂಡೇರಾಯ ತನ್ನ ಸೈನ್ಯಕ್ಕೆ ಹೆದರಿ ಕುದುರೆ ಹತ್ತಿ ಓಡಿಹೋದ! ಹೀಗೆ ಕಾಗದದಿಂದ ಯುದ್ಧ ಗೆದ್ದ ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ.

ಆಮೇಲೆ ಖಂಡೇರಾಯ ಹೈದರನ ಕೈಗೆ ಸಿಕ್ಕಿದ. ರಾಣಿವಾಸದವರು ಅವನಿಗಾಗಿ ಬೇಡಿಕೊಂಡಾಗ, "ಗಿಳಿ ಸಾಕಿದ ಹಾಗೆ ಸಾಕುತ್ತೇನೆ" ಅಂದನಂತೆ. ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿದ. ಮಾತಿಗೆ ತಪ್ಪಲಿಲ್ಲ ನೋಡಿ. ನಿಮ್ಮ ಮಂತ್ರಿಯ ವಿಷದ ಬಟ್ಟಲು ಇದರ ಮುಂದೆ ಏನು ಸ್ವಾಮಿ?

ನಾನು ಹೇಳಬೇಕಾದ್ದು ಇಷ್ಟೇ. ಅರಮನೆ ಕಥೆಯಲ್ಲಿ ಸಿಂಹಾಸನದ ಮೇಲೆ ಕೂತವನನ್ನು ಸುಮ್ನೆ ಕೂರಲು ಬಿಡಿ. ತೂಬು ಎತ್ತುವ ನೀರುಗಂಟಿ, ಲೆಕ್ಕ ಬರೆಯುವ ಶಾನುಭೋಗ, ಕಣಜದ ಕೀಲಿ ಇಟ್ಟುಕೊಂಡವನು, ಇವರ ಹಿಂದೆ ಹೋಗಿ. ಚಿಕ್ಕದೇವರಾಜರು ಹದಿನೆಂಟು ಇಲಾಖೆಗಳ ಅಠಾರ ಕಚೇರಿ ಸುಮ್ನೆ ಮಾಡಲಿಲ್ಲ. 1687ರಲ್ಲಿ ಮೊಗಲರು ಬಂದು ಸಿರಾವನ್ನು ತಮ್ಮ ಸುಬಾದ, ಅಂದರೆ ಪ್ರಾಂತ್ಯದ, ಕೇಂದ್ರ ಮಾಡಿಕೊಂಡರು. ಆ ಮೊಗಲರ ಕೈಯಿಂದ ಬೆಂಗಳೂರನ್ನು ಇದೇ ರಾಜರು ಮೂರು ಲಕ್ಷ ರೂಪಾಯಿಗೆ ಪಡೆದರು ಅಂತ ಇತಿಹಾಸ ಹೇಳುತ್ತೆ. ಆ ದುಡ್ಡು ಎಣಿಸಿದವನ ಕಥೆ ಯಾರೂ ಬರೆದಿಲ್ಲ.

ಹಿಂದೆ ಲೆಕ್ಕ ಬರೆಯುತ್ತಿದ್ದ ಕಡತ ನೋಡಿದ್ದೀರಾ? ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ್ದು. ಕರಿ ಹಲಗೆಯಂತೆ ಅದರ ಮೇಲೆ ಬಳಪದಲ್ಲಿ ಬರೆಯೋದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು, ಬೇರೆ ಬರೆಯಬಹುದು. ಶಾನುಭೋಗ ರಾತ್ರಿ ದೀಪದ ಬೆಳಕಲ್ಲಿ ಒಂದು ಸಾಲು ಒರೆಸಿದ ಅನ್ನಿ. ಒಂದು ಹಗೇವು ರಾಗಿ ಕಡತದ ಮೇಲಿಂದ ಮಾಯ. ಕೋಟೆಗೆ ಮುತ್ತಿಗೆ ಬಿದ್ದು ಎಷ್ಟೋ ತಿಂಗಳಾದ ಮೇಲೆ ಒಳಗಿನವರಿಗೆ ಗೊತ್ತಾಗುತ್ತೆ.

ಹಗೇವು ಅಂದೆ. ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಅದು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬಾಯಿ ತೆಗೆದ ತಕ್ಷಣ ಇಳಿದರೆ ಮಾತ್ರ ಉಸಿರುಕಟ್ಟಿ ಸಾವು. ಅದಕ್ಕೇ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ನಿಮ್ಮ ಕಥೆಯ ನಡುವಿನ ರಾಜಕುಮಾರ ರಾಗಿ ಲೆಕ್ಕ ನೋಡಲು ತಾನೇ ಇಳಿಯುತ್ತಾನೆ. ಅವತ್ತು ದೀಪ ಇಳಿಸುವವನು ರಜೆ. ಯಾರು ರಜೆ ಕೊಟ್ಟರು? ಹೋಗಿ, ಬರೆಯಿರಿ.

ಮಾಲೂರು ತಾಲ್ಲೂಕಿನ ಮಾಸ್ತಿಯವರು 'ಚಿಕವೀರ ರಾಜೇಂದ್ರ' ಬರೆದರು, ಕೊಡಗಿನ ಕೊನೆಯ ದೊರೆಯ ಕಥೆ. 1983ರ ಜ್ಞಾನಪೀಠ ಅವರಿಗೆ ಸಿಕ್ಕಿತು. ಮೈಸೂರು ಸರ್ಕಾರದಲ್ಲಿ ದೊಡ್ಡ ಹುದ್ದೆ ಮಾಡಿ ಕಡತದ ನಡುವೆ ಬಾಳಿದವರು ಅವರು. ಅಧಿಕಾರ ಯಾವ ಬಾಗಿಲಿಂದ ಒಳಗೆ ಬರುತ್ತೆ, ಯಾವ ಬಾಗಿಲಿಂದ ಜಾರುತ್ತೆ ಅಂತ ಗೊತ್ತಿದ್ದ ಕೈ ಅದು.

ತಿಪಟೂರು ಕಡೆ ಒಂದು ಹಳ್ಳಿಯಲ್ಲಿ ಮೂಡಲಪಾಯ ಯಕ್ಷಗಾನಕ್ಕೆ ಹೋಗಿದ್ದೆ. ಬೆಳಗಿನ ಜಾವ ದುರ್ಯೋಧನ ಪಾತ್ರದವರು ಮರದ ಕಿರೀಟವನ್ನು ತೊಡೆ ಮೇಲಿಟ್ಟುಕೊಂಡು ಟೀ ಕುಡಿಯುತ್ತಿದ್ದರು. ಹಣೆಯಲ್ಲಿ ಕಿರೀಟದ ಅಂಚು ಕೆಂಪಗೆ ಅಚ್ಚಾಗಿತ್ತು. ಮುಖವೀಣೆಯವರ ಹತ್ತಿರ ಚಂದಾ ಲೆಕ್ಕ ಕೇಳುತ್ತಿದ್ದರು. ನನ್ನ ಕಡೆ ತಿರುಗಿ, "ಹೋದ ವರ್ಷದ ಬಾಕಿನೇ ಬಂದಿಲ್ಲ ಸಾ" ಅಂದರು. ಆ ದುರ್ಯೋಧನ ನಿಮ್ಮ ಪುಸ್ತಕದಲ್ಲಿ ಬೇಕು.

ಆದರೆ ನಿಮ್ಮನ್ನು ಮಾತ್ರ ಬೈದು ಏನು ಪ್ರಯೋಜನ? ನಮ್ಮ ಕೋಟೆಗಳಲ್ಲಿ ನಿಧಿ ಆಸೆಗೆ ಗುಡಿಯ ಮುಂದೆಲ್ಲಾ ಗುಂಡಿ ತೋಡಿದ್ದಾರೆ. ಕೋಲಾರ ಸೀಮೆಯ ವೀರಗಲ್ಲುಗಳಲ್ಲಿ ಎಷ್ಟೋ ಕಡೆ ದನ ಕಾಯಲು ಹೋರಾಡಿ ಸತ್ತವನ ಹೆಸರು, ಅವನ ಮನೆಯವರಿಗೆ ಬಿಟ್ಟ ಕಲ್ನಾಡು ಅನ್ನುವ ದತ್ತಿ ಭೂಮಿ, ಎಲ್ಲಾ ಕೆತ್ತಿದೆ. ಅಂಥ ಒಂದು ಕಲ್ಲನ್ನು ಬಟ್ಟೆ ಒಗೆಯಲು ಹಾಕಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಶಾಲೆಯವರು ಪ್ರವಾಸ ಅಂದರೆ ಬಸ್ ತುಂಬಿಕೊಂಡು ನೀರಾಟದ ಪಾರ್ಕಿಗೆ ಹೋಗುತ್ತಾರೆ. ಪಠ್ಯದಲ್ಲಿ ಪಾಳೆಗಾರರಿಗೆ ಸಿಗುವುದು ನಾಲ್ಕು ಸಾಲು. ಟೀವಿಯಲ್ಲಿ ರಾಜಮನೆತನ ಅಂದರೆ ರೇಷ್ಮೆ ಸೀರೆ ಉಟ್ಟು ಮಲಗುವ ಅತ್ತೆ ಸೊಸೆ. ಇದನ್ನೇ ನೋಡಿ ಬೆಳೆದ ಹುಡುಗರು ರಾಜ್ಯ ಕಟ್ಟಲು ಹಿಮ ಹುಡುಕಿಕೊಂಡು ಹೋದರೆ ತಪ್ಪು ಯಾರದು?

ನಿಮ್ಮ ಕನ್ನಡ ಚೆನ್ನಾಗಿದೆ, ಮುಖಸ್ತುತಿ ಅಲ್ಲ. ರಾಜಕುಮಾರಿ ಓಡಿಹೋಗುವಾಗ ಕಾಲ್ಗೆಜ್ಜೆ ಬಿಚ್ಚಿ ಹಿಟ್ಟಿನ ಮಡಕೆಯೊಳಗೆ ಹಾಕುವುದು ನನಗೆ ಬಹಳ ಹಿಡಿಸಿತು. ಪಟ್ಟಾಭಿಷೇಕದ ವರ್ಣನೆಯನ್ನು ಅರ್ಧಕ್ಕೆ ಇಳಿಸಿ. ಹಗೇವಿನ ಅಧ್ಯಾಯ ಬರೆದು ಕಳಿಸಿ, ಹಾಳೆಯ ಒಂದೇ ಬದಿಯಲ್ಲಿ. ದೀಪಾವಳಿ ಸಂಚಿಕೆಗೆ ಪುಟ ಇಟ್ಟಿರುತ್ತೇನೆ.

– ಸಂಪಾದಕ