ಸಿಗಾರ್ ಕಹಿಯಾಗುವುದೇಕೆ?

ಪ್ರಶ್ನೆ: ಗೆಳೆಯರೆಲ್ಲ ಸೇರಿದಾಗ ಅಪರೂಪಕ್ಕೊಮ್ಮೆ ಸಿಗಾರ್ ಹಚ್ಚುತ್ತೇವೆ. ಅರ್ಧಕ್ಕೆ ಬರುವಷ್ಟರಲ್ಲಿ ಕಹಿಯಾಗುತ್ತದೆ, ಒಂದೇ ಪಕ್ಕ ಉರಿಯುತ್ತದೆ. ಏನು ಮಾಡಬೇಕು?

ಉತ್ತರ: ಕಹಿಗೆ ಮುಖ್ಯ ಕಾರಣ ಅವಸರ. ಮೇಲಿಂದ ಮೇಲೆ ಎಳೆದರೆ ಕೆಂಡ ವಿಪರೀತ ಬಿಸಿಯಾಗಿ ಎಲೆಯ ಪರಿಮಳವೇ ಸುಟ್ಟುಹೋಗುತ್ತದೆ. ನಿಮಿಷಕ್ಕೊಂದು ದಮ್ಮು ಸಾಕು. ಹರಟೆಯ ನಡುವೆ ಆರಿದರೆ ಚಿಂತೆಯಿಲ್ಲ, ಬೂದಿ ಕೊಡವಿ ಮತ್ತೆ ಹಚ್ಚಿ. ಹೊಗೆಯನ್ನು ಎದೆಗೆಳೆಯಬೇಡಿ, ಬಾಯಲ್ಲೇ ಸವಿದು ಬಿಡಿ. (ಹಾಗೆಂದು ಅಪಾಯವಿಲ್ಲವೆಂದಲ್ಲ, ಬಾಯಿ, ಗಂಟಲಿನ ಕ್ಯಾನ್ಸರ್ ಭಯ ಇದ್ದೇ ಇದೆ.)

ಒಂದೇ ಪಕ್ಕ ಉರಿಯುವುದು ಹೆಚ್ಚಾಗಿ ಹಚ್ಚುವಾಗಿನ ತಪ್ಪಿನಿಂದ. ಜ್ವಾಲೆಗೆ ತಾಗಿಸದೆ, ಅದರ ಮೇಲೆ ತುದಿಯನ್ನು ತಿರುಗಿಸುತ್ತ ಸುತ್ತಲೂ ಕೆಂಪಾಗುವವರೆಗೆ ಕಾಯಿಸಿ, ಆಮೇಲೆ ಎಳೆಯಿರಿ. ಬಾಯಿಗಿಡುವ ಕಡೆ 2 ಮಿಲಿಮೀಟರಿನಷ್ಟೇ ಕತ್ತರಿಸಿ; ಅಲ್ಲಿ ಅಂಟಿಸಿದ ಎಲೆಯ ಟೋಪಿಯ ಅಂಚು ದಾಟಿದರೆ ಹೊರಗಿನ ಸುತ್ತೆಲೆ ಬಿಚ್ಚಿಕೊಳ್ಳುತ್ತದೆ.